ರಜೆಗೆ ಊರಿಗೆ ಬಂದ ಮಕ್ಕಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬೇಸಿಗೆ ರಜೆ, ಅಜ್ಜಿ ಮನೆ, ಮಕ್ಕಳು ಇದರ ಬಗ್ಗೇನೇ ಇವೆ, ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ ಇಟ್ಕೊಂಡಿದೀವಿ. ನಾನಿರೋದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೇಲಿ, ನನ್ನ ಮಕ್ಕಳು ಇಲ್ಲೇ ಬೆಳೆದಿದ್ದು, ಈಗ ತಮ್ಮಂದಿರ ಮಕ್ಕಳು, ನಾದಿನಿ ಮಕ್ಕಳು ರಜೆಗೆ ಬರ್ತಾವೆ. ಮಕ್ಕಳನ್ನ ನೋಡ್ಕೊಳೋದರಲ್ಲಿ ಕಂಡಿದ್ದನ್ನ ಹೇಳ್ತೀನಿ, ಆರೋಗ್ಯದ ವಿಷಯ ಬಂದಲ್ಲಿ ಆರೋಗ್ಯ ಇಲಾಖೆಯವರು, ಡಾಕ್ಟ್ರುಗಳು ಹೇಳೋದನ್ನೇ ಹೇಳ್ತೀನಿ.

ಪ್ರಶ್ನೆ: ಅಕ್ಕಾ, ನಮ್ಮ ಮಕ್ಕಳಿಗೆ 5 ಮತ್ತು 8 ವರ್ಷ. ಪ್ರತಿ ಬೇಸಿಗೆ ಸಾಗರದ ಹತ್ರ ನಮ್ಮ ಅತ್ತೆ ಮನೆಗೆ ಹೋಗ್ತೀವಿ. ಮೊದಲನೇ ದಿನ ಕುಣಿದಾಡ್ತಾರೆ, ಮಾರನೇ ದಿನ ಸಂಜೆಯಿಂದಾನೇ ಬೋರು, ಮೊಬೈಲ್ ಕೊಡು ಅಂತ ಶುರು. ಈ ಸಲ ಟೈಮ್ ಟೇಬಲ್ ಹಾಕ್ಕೊಂಡು ಹೋಗೋಣ ಅನ್ಕೊಂಡಿದೀನಿ, ಬೆಳಿಗ್ಗೆ ನೇಚರ್ ವಾಕ್, ಆಮೇಲೆ ಕ್ರಾಫ್ಟು, ಒಂದಿನ ಜೋಗ, ಒಂದಿನ ಸಿಗಂದೂರು. ಸರೀನಾ? (ಹೆಸರು ಬೇಡ, ಬೆಂಗಳೂರು)

ಉತ್ತರ: ಟೈಮ್ ಟೇಬಲ್ ಬೇಡ ತಂಗಿ. ಮಕ್ಕಳಿಗೆ ಊರಲ್ಲಿ ಬೋರಾಗೋದು ನೋಡೋಕೆ ಏನೂ ಇಲ್ಲ ಅಂತಲ್ಲ, ಆ ಮನೇಲಿ ಎಲ್ರಿಗೂ ಒಂದೊಂದು ಕೆಲಸ ಇರತ್ತೆ, ಅಜ್ಜನಿಗೆ ತೋಟ, ಅಜ್ಜಿಗೆ ಕೊಟ್ಟಿಗೆ, ಚಿಕ್ಕಮ್ಮನಿಗೆ ಅಡಿಗೆ, ಮಕ್ಕಳು ಮಾತ್ರ ನೆಂಟರ ಥರ ಜಗಲಿ ಮೇಲೆ ಕೂತಿರ್ತಾವೆ, ತಿಂಡಿ ಬರತ್ತೆ, ಹಾಲು ಬರತ್ತೆ, ಎದ್ದು ಹೋಗಿ ಮಾಡೋದಕ್ಕೆ ಏನೂ ಇರಲ್ಲ. ನೀವು ಕ್ರಾಫ್ಟ್ ಸಾಮಾನು ತಗೊಂಡು ಹೋದ್ರೂ ಅದು ಬೆಂಗಳೂರಿನ ಆಟಾನೇ ಜಾಗ ಬದಲಾಯಿಸಿದ ಹಾಗೆ. ಅದರ ಬದಲು ಆ ಮನೆಗೆ ನಿಜವಾಗ್ಲೂ ಬೇಕಾಗಿರೋ ಕೆಲಸದಲ್ಲಿ ಒಂದು ತುಂಡು ಅವರ ಕೈಗೆ ಕೊಡಿ.

ಏಪ್ರಿಲ್ ಮೇನಲ್ಲಿ ನಮ್ಮ ಕಡೆ ಹಲಸಿನಕಾಯಿ ಹಪ್ಪಳದ ಕಾಲ. ಕಾಯಿ ಕೊಯ್ದು, ಮೇಣ ಅಂಟದ ಹಾಗೆ ಕೈಗೆ ಎಣ್ಣೆ ಹಚ್ಕೊಂಡು ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಪ್ಪು ಖಾರ ಜೀರಿಗೆ ಸೇರಿಸಿ ಉಂಡೆ ಕಟ್ಟಿ ಒತ್ತೋದು. ಐದು ವರ್ಷದ ಮಗು ಉಂಡೆ ಕಟ್ಟಬಹುದು, ಎಂಟು ವರ್ಷದ್ದು ಎರಡು ಹಾಳೆ ಮಧ್ಯೆ ಇಟ್ಟು ಮಣೆಯಲ್ಲಿ ಒತ್ತಬಹುದು, ಚಾಪೆ ಮೇಲೆ ಒಣಗಿಸಿದ ಮೇಲೆ ಕಾಗೆ ಕರು ಬರದ ಹಾಗೆ ಕಾಯೋದಂತೂ ಪೂರ್ತಿ ಮಕ್ಕಳ ಕೆಲಸಾನೇ. ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕ್ಕೊಂಡು ತಿಂದು ಬೈಸ್ಕೊಳೋದು ಮಲೆನಾಡಲ್ಲಿ ಬೆಳೆದ ಯಾವ ಮಗುವೂ ಬಿಟ್ಟಿದ್ದಿಲ್ಲ, ಸ್ವಲ್ಪ ತಿನ್ನಲಿ ಬಿಡಿ. ಆಕಾರ ಸೊಟ್ಟ ಇದ್ರೂ ಅದನ್ನ ಬೇರೆ ಇಡಬೇಡಿ, ಎಲ್ಲದರ ಜೊತೆ ಡಬ್ಬಿಗೆ ಹೋಗ್ಲಿ, ಮಳೆಗಾಲದಲ್ಲಿ ಅಜ್ಜಿ ಫೋನ್ ಮಾಡಿ ನಿನ್ನ ಹಪ್ಪಳ ಕರಿದ್ವಿ ಅಂತ ಹೇಳಿದಾಗ ಆ ಮಗುವಿನ ಮುಖ ನೋಡಿ.

ಗೇರು ಗಿಡ ಇದ್ರೆ ಬೀಜ ಹೆಕ್ಕೋಕೆ ಕಳಿಸಿ. ಹೆಕ್ಕಿದ್ದಕ್ಕೆ ಅಜ್ಜ ತೂಕ ಮಾಡಿ ದುಡ್ಡು ಕೊಡೋದು ನಮ್ಮಲ್ಲಿ ಹಳೇ ಪದ್ಧತಿ, ಎಂಟು ವರ್ಷದ ಮಗು ಕೆಜಿ ಗ್ರಾಂ ಲೆಕ್ಕ ಅಲ್ಲೇ ಕಲಿಯತ್ತೆ. ಒಂದು ಎಚ್ಚರಿಕೆ, ಹಸಿ ಗೇರುಬೀಜ ಬಾಯಲ್ಲಿ ಕಚ್ಚಬಾರದು, ಸಿಪ್ಪೆಯೊಳಗಿನ ಎಣ್ಣೆ ತುಟಿ ನಾಲಿಗೆ ಸುಟ್ಟು ಬೊಬ್ಬೆ ಬರಿಸತ್ತೆ. ಹಣ್ಣು ತಿನ್ನಬಹುದು, ಬೀಜ ಬುಟ್ಟಿಗೆ. ಇನ್ನು ದರಗು, ಅಂದ್ರೆ ಉದುರಿದ ಒಣಎಲೆ ಗುಡಿಸೋಕೆ ಕಾಡಿನ ಅಂಚಿಗೆ ದೊಡ್ಡವರು ಹೋಗೋವಾಗ ಮಕ್ಕಳನ್ನ ಕರ್ಕೊಂಡು ಹೋಗಬೇಡಿ. ಮಂಗನ ಕಾಯಿಲೆ ಹರಡೋ ಉಣುಗು, ಅದೇ ರಕ್ತ ಹೀರೋ ಸಣ್ಣ ಹುಳ, ಒಣಗಿದ ಎಲೆಯಲ್ಲೇ ಇರೋದು, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಲ್ಲೇ, ಇವತ್ತಿಗೂ ಹೋಗಿಲ್ಲ. ನಿಮ್ಮ ಅತ್ತೆ ಊರಲ್ಲಿ ಈ ವರ್ಷ ಕೇಸು ಇದೆಯಾ, ಹತ್ತಿರದಲ್ಲಿ ಮಂಗ ಸತ್ತಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನ ಕೇಳಿ ತಿಳ್ಕೊಂಡೇ ಹೊರಡಿ, ಉಣುಗು ಕಚ್ಚದ ಹಾಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಕೊಡ್ತಾರೆ, ಮಕ್ಕಳಿಗೆ ಹೇಗೆ ಹಚ್ಚಬೇಕು ಅಂತಾನೂ ಅವರನ್ನೇ ಕೇಳಿ. ಹೊರಗೆ ಆಡಿ ಬಂದ ಮೇಲೆ ಬಿಸಿನೀರಲ್ಲಿ ಸ್ನಾನ, ಬಟ್ಟೆ ಬದಲು, ಕಂಕುಳ, ಕಿವಿ ಹಿಂದೆ, ಮೊಣಕಾಲ ಸಂದಿ ನೋಡೋದು. ಊರಿಂದ ವಾಪಸ್ ಬಂದು ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈನೋವು ಬಂದ್ರೆ ಬೆಂಗಳೂರಿನ ಡಾಕ್ಟ್ರಿಗೆ ಮಲೆನಾಡಿಗೆ ಹೋಗಿದ್ವಿ ಅಂತ ಮರೀದೆ ಹೇಳಿ, ಅವರಿಗೆ ಅದು ಹೊಳೆಯೋದು ನೀವು ಹೇಳಿದ್ರೆ ಮಾತ್ರ.

ಮೊಬೈಲ್ ವಿಷಯ. ಬೋರು ಬೋರು ಅಂತ ಅಳೋದನ್ನ ಎರಡು ಮೂರು ದಿನ ತಡ್ಕೊಳಿ, ಆಮೇಲೆ ಪಕ್ಕದ ಮನೆ ಹುಡುಗ್ರು ಲಗೋರಿ ಕಲ್ಲು ಹಿಡ್ಕೊಂಡು ಬರ್ತಾರೆ, ಅಥವಾ ಇವರೇ ಕೊಟ್ಟಿಗೆ ಕಡೆ ಹೋಗ್ತಾರೆ. ಮಕ್ಕಳ ಡಾಕ್ಟ್ರುಗಳ ಸಂಘ 2 ವರ್ಷದೊಳಗೆ ಸ್ಕ್ರೀನೇ ಬೇಡ, 2ರಿಂದ 5 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಹೇಳಿದೆ, ದಿನಾ ಹೊರಗಿನ ಬೆಳಕಲ್ಲಿ ಆಡೋ ಮಕ್ಕಳಿಗೆ ಕನ್ನಡಕ ಬೇಗ ಬರೋದು ಕಡಿಮೆ ಅಂತಾನೂ ಗೊತ್ತಾಗಿದೆ. ಆದ್ರೆ ನಿಯಮ ಮಕ್ಕಳಿಗೆ ಮಾತ್ರ ಅಂದ್ರೆ ನಡೆಯಲ್ಲ, ಅಪ್ಪ ಜಗಲೀಲಿ ರೀಲ್ಸ್ ನೋಡ್ತಾ ಕೂತು ಮಗುಗೆ ತೋಟಕ್ಕೆ ಹೋಗು ಅಂದ್ರೆ ಯಾವ ಮಗು ಹೋಗತ್ತೆ ಹೇಳಿ.

ಜೋಗ ಏಪ್ರಿಲ್ ಮೇನಲ್ಲಿ ಒಣಗಿರತ್ತೆ, ಮಕ್ಕಳಿಗೆ ಬೇಜಾರಾಗತ್ತೆ, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಬನ್ನಿ. ಸಿಗಂದೂರಿಗೆ ಹೋಗಿ, ಶರಾವತಿ ಹಿನ್ನೀರಿಗೆ ಕಟ್ಟಿರೋ, 2025ರ ಜುಲೈಯಲ್ಲಿ ಶುರುವಾದ ಹೊಸ ಸೇತುವೆ ಮೇಲೆ ಹೋಗೋವಾಗ ಕಾರು ಓಡಿಸ್ಕೊಂಡು ದಾಟಿಬಿಡಬೇಡಿ, ದಾಟಿದ ಮೇಲೆ ಎಲ್ಲಾದ್ರೂ ನಿಲ್ಲಿಸಿ ಅಜ್ಜನ ಹತ್ರ ಲಿಂಗನಮಕ್ಕಿ ಅಣೆಕಟ್ಟಿನ ಕಥೆ ಹೇಳಿಸಿ. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಎಷ್ಟೋ ಊರು, ಗದ್ದೆ, ತೋಟ ಆ ನೀರೊಳಗೆ ಹೋಯ್ತು, ಈಚೆ ದಡದ ಜನ ಆಚೆ ಹೋಗೋಕೆ ಆಮೇಲೆ ಅಷ್ಟು ವರ್ಷ ಲಾಂಚಿಗೆ ಕಾದ್ರು. ಎಂಟು ವರ್ಷದ ಮಗುಗೆ ಇದು ಪೂರ್ತಿ ಅರ್ಥ ಆಗತ್ತೆ. ಮನೇಲಿ ಸ್ವಿಚ್ ಹಾಕಿದ್ರೆ ಬರೋ ಕರೆಂಟಿಗೂ ಆ ನೀರಿಗೂ ಏನು ಸಂಬಂಧ ಅಂತ ಅದೇ ಕೇಳತ್ತೆ ನೋಡಿ.

ಪ್ರಶ್ನೆ: ನಮ್ಮ ಮಗ ಸೊಸೆ ಮೈಸೂರಲ್ಲಿದಾರೆ. ಮೊಮ್ಮಕ್ಕಳು ಎರಡು, ದೊಡ್ಡದಕ್ಕೆ 4 ವರ್ಷ, ಚಿಕ್ಕದಕ್ಕೆ 8 ತಿಂಗಳು. ಬಂದ್ರೆ ಸೊಸೆ ಎಲ್ಲಾದಕ್ಕೂ ಬೇಡ ಅಂತಾಳೆ, ಚಪ್ಪಲಿ ಇಲ್ದೆ ಅಂಗಳಕ್ಕೆ ಬೇಡ, ಬಾವಿ ನೀರು ಬೇಡ, ಮಣ್ಣು ಮುಟ್ಟಬೇಡ, ಕೂಸಿಗೆ ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸಿದ್ರೆ ಕಣ್ಣೀರು ಹಾಕಿದ್ಲು. ನಾವು ನಾಲ್ಕು ಮಕ್ಕಳು ಸಾಕಿಲ್ವಾ? (ಒಬ್ಬ ಅಜ್ಜಿ, ಸಿದ್ದಾಪುರ)

ಉತ್ತರ: ಅಮ್ಮಾ, ನಿಮ್ಮ ನೋವು ಅರ್ಥ ಆಗತ್ತೆ, ಮೊಮ್ಮಗುನ ಎತ್ತಿಕೊಂಡು ಅದಕ್ಕೆ ಒಳ್ಳೇದು ಅಂತ ಏನೋ ಮಾಡೋಕೆ ಹೋದಾಗ ಕೈ ಹಿಡಿದು ನಿಲ್ಲಿಸಿದ ಹಾಗಾಗತ್ತೆ. ಆದ್ರೂ ಜೇನಿನ ವಿಷಯದಲ್ಲಿ ನಿಮ್ಮ ಸೊಸೆ ಸರಿ, ಅದರಲ್ಲಿ ಎರಡು ಮಾತಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಜೇನು ಒಂದು ಹನೀನೂ ಕೊಡಬಾರದು. ಜೇನಲ್ಲಿ ಕೆಲವು ಸಲ ಒಂದು ಜಾತಿ ಬ್ಯಾಕ್ಟೀರಿಯಾದ ಬೀಜ ಇರತ್ತೆ, ದೊಡ್ಡವರ ಹೊಟ್ಟೇಲಿ ಅದೇನೂ ಮಾಡಲ್ಲ, ಕೂಸಿನ ಕರುಳಲ್ಲಿ ಅದು ಬೆಳೆದು ವಿಷ ಮಾಡಿ ಕೈಕಾಲು, ಉಸಿರಿನ ಶಕ್ತೀನೇ ಕುಂದಿಸಿಬಿಡತ್ತೆ. ಅಪರೂಪಕ್ಕೆ ಆಗೋದು, ಆದ್ರೆ ಆಯ್ತು ಅಂದ್ರೆ ದೊಡ್ಡದು. ನಿಮ್ಮ ಕಾಲದಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ. ಬಜೆ ಕೂಡ ಡಾಕ್ಟ್ರನ್ನ ಕೇಳದೆ ಬೇಡ. ದನದ ಹಾಲನ್ನೂ ಒಂದು ವರ್ಷ ಆಗೋವರೆಗೆ ಎದೆಹಾಲಿನ ಬದಲಿಗೆ ಅಂತ ಕುಡಿಸಬೇಡಿ. ರಾಗಿ ಮಣ್ಣಿ, ಮೆತ್ತಗೆ ಬೇಯಿಸಿದ ಅನ್ನ ಬೇಳೆಗೆ ತುಪ್ಪ ಹಾಕಿ ನಿಮ್ಮ ಕೈಯಾರೆ ಉಣಿಸಿ, ಎಂಟು ತಿಂಗಳಿಗೆ ಅದಕ್ಕಿಂತ ಒಳ್ಳೇ ಊಟ ಇಲ್ಲ, ಸೊಸೆಗೂ ಖುಷಿ ಆಗತ್ತೆ.

ಬಾವಿ ನೀರು ಎಷ್ಟೇ ತಿಳಿಯಾಗಿದ್ರೂ ಕುದಿಸಿ ಆರಿಸಿ ಕೊಡಿ, ಹಂಡೆ ಒಲೆ ಹೇಗೂ ಉರೀತಾ ಇರತ್ತೆ, ಒಂದು ಪಾತ್ರೆ ಕುದಿಸೋದು ಕಷ್ಟ ಅಲ್ಲ.

ಮಣ್ಣಿನ ವಿಷಯದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಇದನ್ನ ನಿಮ್ಮ ಸೊಸೆ ಓದ್ತಾಳೆ ಅನ್ಕೊಂಡು ಬರೀತೀನಿ. ನಾಲ್ಕು ವರ್ಷದ ಮಗು ಮಣ್ಣು ಮುಟ್ಟಬೇಕಮ್ಮಾ, ನೀರು ಹಾಕಿ ಕಲಸಬೇಕು, ಬಟ್ಟೆ ಕೊಳೆ ಮಾಡ್ಕೋಬೇಕು. ಸಗಣಿ ಸಾರಿಸಿದ ಅಂಗಳದಲ್ಲಿ, ಮನೆ ಮುಂದಿನ ಜಾಗದಲ್ಲಿ ಬರಿಗಾಲಲ್ಲಿ ಓಡಾಡಲಿ. ಗೊಬ್ಬರಗುಂಡಿ ಹತ್ರ, ಒದ್ದೆ ತೋಟದೊಳಗೆ, ಬಚ್ಚಲ ಹಿಂದೆ ಚಪ್ಪಲಿ ಬೇಕು, ಕೊಕ್ಕೆಹುಳ ಕಾಲಿನ ಚರ್ಮದಿಂದಾನೇ ಒಳಗೆ ಹೋಗೋದು. ಫೆಬ್ರವರಿ 10, ಆಗಸ್ಟ್ 10ರ ಜಂತುಹುಳು ದಿನಗಳಲ್ಲಿ ಅಂಗನವಾಡಿ ಶಾಲೆಗಳಲ್ಲಿ ಮಾತ್ರೆ ಕೊಡ್ತಾರೆ, ಪೇಟೆ ಮಕ್ಕಳಿಗೂ ಅದು ಬೇಕು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯೋದು, ಉಗುರು ಕತ್ತರಿಸೋದು ಇಷ್ಟು ಮಾಡಿದ್ರೆ ಉಳಿದಿದ್ದು ಮಗುವಿನ ಪಾಡಿಗೆ ಬಿಡಿ.

ಮತ್ತೆ ಅಜ್ಜಿಯವರೇ, ನಾಲ್ಕು ಮಕ್ಕಳು ಸಾಕಿಲ್ವಾ ಅನ್ನೋ ಮಾತು ಮಾತ್ರ ಸೊಸೆ ಮುಂದೆ ಬೇಡ. ನನ್ನಿಂದ ಏನು ಸಹಾಯ ಬೇಕು ಅಂತ ಕೇಳಿ ನೋಡಿ. ರಾತ್ರಿ ಪೂರ್ತಿ ಕೂಸು ಹಾಲಿಗೆ ಎದ್ದಿರತ್ತೆ, ಬೆಳಿಗ್ಗೆ ಎರಡು ಗಂಟೆ ನೀವು ಎತ್ತಿಕೊಂಡು ಅವಳಿಗೆ ಮಲಗೋಕೆ ಬಿಟ್ರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಬೇಡಗಳು ಕರಗಿರತ್ವೆ.

ಪ್ರಶ್ನೆ: ನಮಗೆ ಚನ್ನಗಿರಿ ಹತ್ರ ತೋಟ ಇದೆ, ಹೋದ ವರ್ಷ ಕೃಷಿ ಹೊಂಡ ಮಾಡಿಸಿದ್ವಿ. ರಜೇಲಿ ನಮ್ಮ ಇಬ್ಬರು ಮಕ್ಕಳು, ಅಣ್ಣನ ಮಕ್ಕಳು, ಅಕ್ಕನ ಮಕ್ಕಳು ಎಲ್ಲಾ ಸೇರ್ತಾರೆ. ನನ್ನ ಹೆಂಡತಿಗೆ ಹಾವಿನ ಭಯ, ಹಾಗಾಗಿ ತೋಟದ ಮನೇಲಿ ಉಳಿಯೋದೇ ಬೇಡ ಅಂತಾಳೆ. ಅವಳಿಗೆ ಹೇಗೆ ಧೈರ್ಯ ಹೇಳಲಿ? (ಒಬ್ಬ ತಂದೆ, ದಾವಣಗೆರೆ)

ಉತ್ತರ: ಹಾವಿಗಿಂತ ಮೊದಲು ಆ ಹೊಂಡದ ಬಗ್ಗೆ ಮಾತಾಡೋಣ ಅಣ್ಣಾ. ನೀವು ಪತ್ರದಲ್ಲಿ ಅದನ್ನ ಹೆಮ್ಮೆಯಿಂದ ಬರೆದಿದೀರಿ, ನೀರಿಗೆ ಅದು ಬೇಕೇ ಬೇಕು, ಆದ್ರೆ ಮಕ್ಕಳಿರೋ ಮನೇಲಿ ಆ ತೋಟದಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಅದೇ. ಕೆರೆಗಾದ್ರೆ ಇಳಿಜಾರು ದಡ ಇರತ್ತೆ, ಕಾಲಿಗೆ ಮಣ್ಣು ಸಿಗತ್ತೆ, ಹೊಂಡಕ್ಕೆ ಹಾಸಿರೋ ಪ್ಲಾಸ್ಟಿಕ್ ಶೀಟು ಪಾಚಿ ಕಟ್ಟಿ ಜಾರತ್ತೆ, ಈಜು ಬರೋ ದೊಡ್ಡವರೇ ಬಿದ್ರೂ ಹತ್ತೋಕೆ ಹಿಡಿತ ಸಿಗಲ್ಲ. ಚೆಂಡು ಬಿತ್ತು ಅಂತ ಒಬ್ಬ ಇಳೀತಾನೆ, ಅವನನ್ನ ಎಳೆಯೋಕೆ ಇನ್ನೊಬ್ಬ ಇಳೀತಾನೆ, ಅಣ್ಣ ತಮ್ಮ ಒಟ್ಟಿಗೆ ಹೋದ ಸುದ್ದಿ ಪ್ರತಿ ಬೇಸಿಗೆ ಪೇಪರಲ್ಲಿ ಓದ್ತೀವಿ. ಓದಿದಾಗೆಲ್ಲ ಹೊಟ್ಟೆ ಉರಿಯತ್ತೆ.

ಮಕ್ಕಳು ಬರೋಕೆ ಮುಂಚೆ ಸುತ್ತ ಬೇಲಿ ಹಾಕಿಸಿ, ಚಿಕ್ಕ ಮಗು ನುಸುಳದ ಹಾಗೆ, ಗೇಟಿಗೆ ಬೀಗ, ಬೀಗದ ಕೈ ದೊಡ್ಡವರ ಎತ್ತರದಲ್ಲಿ. ನಾಲ್ಕೂ ಬದಿಗೆ ದಪ್ಪ ಹಗ್ಗಕ್ಕೆ ಗಂಟು ಹಾಕಿ ಮೇಲೆ ಗೂಟಕ್ಕೆ ಕಟ್ಟಿ ನೀರೊಳಗೆ ಇಳಿಬಿಡಿ, ಒಂದು ಗಾಳಿ ತುಂಬಿದ ಟ್ಯೂಬು, ಒಂದು ಉದ್ದನೇ ಬಿದಿರು ದಡದಲ್ಲೇ ಇರ್ಲಿ. ಮಕ್ಕಳಿಗೆ ಒಂದೇ ಮಾತು ಕಲಿಸಿ, ಯಾರಾದ್ರೂ ಬಿದ್ರೆ ನೀವು ಇಳೀಬಾರದು, ಕೂಗಬೇಕು, ಬಿದಿರೋ ಟ್ಯೂಬೋ ಎಸೀಬೇಕು. ಬಾವಿಗೆ ಕಟ್ಟೆ ಇಲ್ಲದಿದ್ರೆ ಅದಕ್ಕೂ ಜಾಲರಿ ಹಾಕಿಸಿ. ಸಣ್ಣ ಮಕ್ಕಳಿಗೆ ನೀರು ತುಂಬಿದ ಬಕೆಟ್ಟೂ ಸಾಕು.

ಇನ್ನೊಂದು ಮುಖ್ಯ, ಹತ್ತು ಜನ ದೊಡ್ಡವರು ಇದ್ದಾಗ್ಲೇ ಹೀಗಾಗೋದು, ಪ್ರತಿಯೊಬ್ಬರೂ ಇನ್ನೊಬ್ಬರು ನೋಡ್ತಿದಾರೆ ಅನ್ಕೊಂಡಿರ್ತಾರೆ. ಹಬ್ಬದ ಊಟ, ಇಸ್ಪೀಟು, ಮಾತುಕತೆ ನಡೀತಿದ್ರೂ ಈ ಗಂಟೆ ಮಕ್ಕಳು ನಿನ್ನ ಜವಾಬ್ದಾರಿ ಅಂತ ಒಬ್ಬರ ಹೆಸರು ಹೇಳಿ ಒಪ್ಪಿಸಿ, ಅವರು ಎದ್ದು ಹೋಗೋವಾಗ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿ ಹೋಗಲಿ. ನೀರಲ್ಲಿ ಮುಳುಗೋ ಮಗು ಕೂಗಲ್ಲ, ಸದ್ದು ಮಾಡಲ್ಲ. ಎತ್ತಿದ ಮೇಲೆ ತಲೆಕೆಳಗೆ ಮಾಡಿ ತಿರುಗಿಸೋದು, ಹೊಟ್ಟೆ ಒತ್ತೋದು ಇವೆಲ್ಲ ಮಾಡಬಾರದು, ಉಸಿರಿಲ್ಲದಿದ್ರೆ ತಕ್ಷಣ ಬಾಯಿಗೆ ಉಸಿರು ಕೊಟ್ಟು ಎದೆ ಒತ್ತಬೇಕು, ಜೊತೆಜೊತೆಗೇ 108ಕ್ಕೆ ಫೋನು. ಮನೇಲಿ ಇಬ್ಬರಾದ್ರೂ ಇದನ್ನ ಸರಿಯಾಗಿ ಕಲ್ತಿರಿ. ಏಳು ವರ್ಷ ದಾಟಿದ ಮಕ್ಕಳಿಗೆ ಈಜು ಕಲಿಸಿ, ಆದ್ರೆ ಆ ಹೊಂಡದಲ್ಲಿ ಬೇಡವೇ ಬೇಡ.

ಈಗ ಹಾವು. ನಿಮ್ಮ ಹೆಂಡತಿ ಭಯ ಸುಳ್ಳಲ್ಲ, ಅದಕ್ಕೆ ಧೈರ್ಯದ ಮಾತಿಗಿಂತ ವ್ಯವಸ್ಥೆ ಬೇಕು. ಕಟ್ಟುಹಾವು ರಾತ್ರಿ ಓಡಾಡೋದು, ನೆಲದಲ್ಲಿ ಮಲಗಿದವರಿಗೆ ಕಚ್ಚಿದ್ರೆ ಎಷ್ಟೋ ಸಲ ನೋವೂ ಗೊತ್ತಾಗಲ್ಲ, ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತೋಕಾಗಲ್ಲ ಅನ್ನೋವಾಗ್ಲೇ ಗೊತ್ತಾಗೋದು. ಹಾಗಾಗಿ ಮಕ್ಕಳು ಮಂಚದ ಮೇಲೆ ಮಲಗಲಿ, ಸೊಳ್ಳೆಪರದೆ ಹಾಕಿ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ. ಸೌದೆ ರಾಶಿ, ಕಾಯಿಸಿಪ್ಪೆ ರಾಶಿ ಮನೆಗೆ ಅಂಟಿಕೊಂಡಿರಬಾರದು, ಕತ್ತಲಾದ ಮೇಲೆ ಟಾರ್ಚು, ಚಪ್ಪಲಿ ಇಲ್ದೆ ಯಾರೂ ಅಂಗಳಕ್ಕೆ ಇಳಿಯೋದಿಲ್ಲ. ಕಚ್ಚಿದ್ರೆ ಕೊಯ್ಯೋದು, ಹೀರೋದು, ಬಿಗಿಯಾಗಿ ಕಟ್ಟೋದು ಏನೂ ಬೇಡ, ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಇಟ್ಟು ಸೀದಾ ಆಸ್ಪತ್ರೆ. ನಾಟಿ ಔಷಧಿ ಮನೆಗೆ ಹೋಗಿ ಒಂದು ಗಂಟೆ ಕಳೆಯೋದೂ ಬೇಡ. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತವನ್ನ ಆಸ್ಪತ್ರೆಗಳು ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕು ಅಂತ ಆಗಿದೆ. ರಜೆಗೆ ಮುಂಚೆ ಒಂದು ಫೋನ್ ಮಾಡಿ, ಹತ್ತಿರದ ಯಾವ ಆಸ್ಪತ್ರೇಲಿ ಹಾವಿನ ಇಂಜೆಕ್ಷನ್ ಇದೆ, ರಾತ್ರಿ ಡಾಕ್ಟ್ರು ಇರ್ತಾರಾ ಅಂತ ಕೇಳಿ ಗೋಡೆ ಮೇಲೆ ಬರೆದಿಡಿ. ನಾಯಿ, ಬೆಕ್ಕು, ಮಂಗ ಕಚ್ಚಿದ್ರೂ ಪರಚಿದ್ರೂ ಹರಿಯೋ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್ ಶುರು ಮಾಡಬೇಕು. ಇಷ್ಟು ಮಾಡಿ ನಿಮ್ಮ ಹೆಂಡತಿಗೆ ತೋರಿಸಿ, ಉಳಿಯೋದು ಬಿಡೋದು ಆಮೇಲೆ ಅವರೇ ಹೇಳಲಿ.

ಪ್ರಶ್ನೆ: ನಾವಿಬ್ಬರೂ ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಹತ್ರ ನಮ್ಮ ಊರಿಗೆ ಬಂದು ಎರಡು ವರ್ಷ ಆಯ್ತು. ಮಗಳು ಈ ಜೂನ್‌ಗೆ ಒಂದನೇ ಕ್ಲಾಸು. ಊರಲ್ಲಿ ಸರ್ಕಾರಿ ಶಾಲೆ ಇದೆ, ಮಕ್ಕಳು ಹದಿನೈದು ಇಪ್ಪತ್ತು. ಇಂಗ್ಲಿಷ್ ಮೀಡಿಯಂಗೆ ಕಳಿಸಿದ್ರೆ ವ್ಯಾನಲ್ಲಿ ಹೋಗಿ ಬರೋಕೇ ದಿನಕ್ಕೆ ಎರಡು ಗಂಟೆ ಮೇಲೆ. ನೆಂಟರೆಲ್ಲ ಮಗಳ ಭವಿಷ್ಯ ಹಾಳು ಮಾಡ್ತಿದೀರಿ ಅಂತಾರೆ. (ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿದಾರೆ)

ಉತ್ತರ: ನೆಂಟರ ಮಾತು ಪಕ್ಕಕ್ಕಿಟ್ಟು ಒಂದು ಬೆಳಿಗ್ಗೆ ಆ ಶಾಲೇಲಿ ಹೋಗಿ ಕೂತ್ಕೊಳಿ, ಟೀಚರ್ ಒಪ್ಪಿಗೆ ತಗೊಂಡು. ಸರ್ಕಾರಿ ಶಾಲೆ ಒಳ್ಳೇದು ಖಾಸಗಿ ಕೆಟ್ಟದು ಅಂತಾಗ್ಲಿ, ಅದರ ಉಲ್ಟಾ ಆಗ್ಲಿ ಹೇಳೋಕೆ ಬರಲ್ಲ, ಚಿಕ್ಕ ಶಾಲೆ ಅಂದ್ರೆ ಅಲ್ಲಿರೋ ಒಬ್ಬಿಬ್ಬರು ಟೀಚರೇ ಶಾಲೆ. ಒಂದರಿಂದ ಮೂರನೇ ಕ್ಲಾಸಿನವರನ್ನ ಒಟ್ಟಿಗೆ ಕೂರಿಸಿ ಕಲಿಸೋದನ್ನ ನೋಡಿ ಗಾಬರಿ ಆಗಬೇಡಿ, ಅದು ನಲಿಕಲಿ ಪದ್ಧತಿ, 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾಗಿದ್ದು. ಮಗು ತನ್ನ ವೇಗಕ್ಕೆ ಕಾರ್ಡು, ಚಟುವಟಿಕೆ ಮೂಲಕ ಒಂದೊಂದೇ ಮೆಟ್ಟಿಲು ಹತ್ತತ್ತೆ, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡ್ತಾರೆ. ಒಳ್ಳೇ ಟೀಚರ್ ಕೈಯಲ್ಲಿ ಇದು ಎಷ್ಟು ಚೆಂದ ಅಂದ್ರೆ ನೋಡ್ತಾ ಕೂತುಬಿಡ್ತೀರಿ. ಬರೀ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸ್ತಿದ್ರೆ, ಅಥವಾ ಇರೋ ಒಬ್ಬರೇ ಟೀಚರು ಅರ್ಧ ದಿನ ಬೇರೆ ಡ್ಯೂಟಿ ಮೇಲೆ ಹೋಗ್ತಿದ್ರೆ ಯೋಚನೆ ಮಾಡಬೇಕಾಗತ್ತೆ. ಬರೋ ವರ್ಷ ಟೀಚರ್ ವರ್ಗಾವಣೆ ಇದೆಯಾ ಅಂತಾನೂ ಕೇಳಿ.

ನನ್ನನ್ನ ಕೇಳಿದ್ರೆ ಟೀಚರ್ ಚೆನ್ನಾಗಿದ್ರೆ ಮೊದಲ ನಾಲ್ಕೈದು ವರ್ಷ ಊರ ಶಾಲೇನೇ. ಆರು ವರ್ಷದ ಮಗು ದಿನಕ್ಕೆ ಎರಡು ಗಂಟೆ ವ್ಯಾನಲ್ಲಿ ಕಳೆಯೋದು ಅಂದ್ರೆ ಆಟದ ಹೊತ್ತು ಪೂರ್ತಿ ಹೋಯ್ತು, ಮಳೆಗಾಲದಲ್ಲಿ ಕತ್ತಲಲ್ಲೇ ಹೋಗಿ ಕತ್ತಲಲ್ಲೇ ಬರಬೇಕು, ಮನೆಗೆ ಬರೋ ಹೊತ್ತಿಗೆ ಉಣ್ಣೋಕೂ ತ್ರಾಣ ಇರಲ್ಲ. ನೀವು ಬೆಂಗಳೂರು ಬಿಟ್ಟು ಬಂದಿದ್ದೇ ಮಗಳು ಇಲ್ಲಿ ಬೆಳೀಲಿ ಅಂತ ಅಲ್ವಾ, ವ್ಯಾನಿಗೆ ಹಾಕಿದ್ರೆ ಅವಳಿಗೆ ಊರಲ್ಲಿ ಒಬ್ಬ ಫ್ರೆಂಡೂ ಇರಲ್ಲ. ಊರ ಶಾಲೇಲಾದ್ರೆ ನಡ್ಕೊಂಡು ಹೋಗ್ತಾಳೆ, 2013ರಿಂದ ಕ್ಷೀರಭಾಗ್ಯದ ಹಾಲು ಇದೆ, ಬಿಸಿಯೂಟ ಇದೆ, ಎಲ್ಲಾ ಮನೆ ಮಕ್ಕಳ ಜೊತೆ ಒಂದೇ ಸಾಲಲ್ಲಿ ಕೂತು ಉಣ್ತಾಳೆ, ಆ ಕಲಿಕೆ ಯಾವ ಫೀಸು ಕೊಟ್ರೂ ಸಿಗಲ್ಲ. ಇಂಗ್ಲಿಷ್ ನೀವಿಬ್ಬರೂ ಮನೇಲಿ ದಿನಾ ಅರ್ಧ ಗಂಟೆ ಕಥೆ ಪುಸ್ತಕ ಓದಿ ಹೇಳಿ, ಸಾಕು. ಗ್ರಾಮ ಪಂಚಾಯಿತಿ ಲೈಬ್ರರಿಗಳನ್ನ ಈಗ ಅರಿವು ಕೇಂದ್ರ ಅಂತ ಮಾಡಿದಾರೆ, ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ, ನಿಮ್ಮೂರಲ್ಲಿ ಅದು ಬಾಗಿಲು ತೆಗೀತಾ ಇದೆಯಾ ನೋಡಿ, ತೆಗೀತಿಲ್ಲ ಅಂದ್ರೆ ಗ್ರಾಮಸಭೇಲಿ ಎದ್ದು ಕೇಳಿ. ಶಾಲೆ ನೋಡ್ಕೊಳೋ ಅಪ್ಪ ಅಮ್ಮಂದಿರ ಸಮಿತಿ ಇರತ್ತಲ್ಲ, ಎಸ್‌ಡಿಎಂಸಿ, ಅದಕ್ಕೂ ಸೇರ್ಕೊಳಿ. ನಿಮ್ಮಂಥವರು ಮಕ್ಕಳನ್ನ ಹಾಕಿ ಜೊತೆಗೆ ನಿಂತ್ರೆ ಮುಚ್ಚೋ ಹಂತಕ್ಕೆ ಬಂದ ಶಾಲೆಗಳೂ ಉಳ್ಕೊಂಡಿವೆ.

ಪ್ರಶ್ನೆ: ಬೆಂಗಳೂರಿಂದ ಉಡುಪಿ ಕಡೆ ಹೋಗೋವಾಗ ಘಾಟಿ ಇಳೀತಿದ್ದ ಹಾಗೇ ಮಗ ವಾಂತಿ ಮಾಡ್ತಾನೆ, 6 ವರ್ಷ. ಏನು ಮಾಡೋದು?

ಉತ್ತರ: ಹೊಟ್ಟೆ ತುಂಬಾ ತಿನ್ನಿಸಿ ಹೊರಡಬೇಡಿ, ಖಾಲೀನೂ ಬೇಡ, ಎರಡು ಇಡ್ಲಿ ಸಾಕು. ಕಿಟಕಿ ತೆಗೆದು ಮುಂದಿನ ರಸ್ತೆ ದೂರಕ್ಕೆ ನೋಡೋ ಹಾಗೆ ಕೂರಿಸಿ, ಘಾಟಿಯಲ್ಲಿ ಮೊಬೈಲು ಪುಸ್ತಕ ಕೈಗೆ ಕೊಡಬೇಡಿ, ಆಗುಂಬೆಯ 14 ತಿರುವಲ್ಲಿ ತಲೆ ಬಗ್ಗಿಸಿ ಕೂತ್ರೆ ದೊಡ್ಡವರಿಗೇ ಆಗಲ್ಲ. ಮಾತ್ರೆ ಬೇಕಿದ್ರೆ ಡಾಕ್ಟ್ರನ್ನ ಕೇಳಿ, ಹೊರಡೋಕೆ ಮುಂಚೆ ಕೊಡೋದು. ಇಲ್ಲಾಂದ್ರೆ ಪಂಚಗಂಗಾ ರೈಲಿದೆ, ರಾತ್ರಿ ಮಲಗಿರೋವಾಗ್ಲೇ ಸಕಲೇಶಪುರ ಸುಬ್ರಹ್ಮಣ್ಯ ಘಾಟಿ ಇಳಿದಿರತ್ತೆ. ರೈಲಲ್ಲಿ 5 ವರ್ಷದೊಳಗೆ ಟಿಕೆಟ್ ಇಲ್ಲ, 5ರಿಂದ 12ಕ್ಕೆ ಬೇರೆ ಬರ್ತ್ ಬೇಕು ಅಂದ್ರೆ ಪೂರ್ತಿ ಚಾರ್ಜು.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದೀವಿ. ಮಕ್ಕಳಿಗೆ ಬೇಸಿಗೆ ರಜೆ ಅಂದ್ರೆ ಜೂನ್ ಕೊನೆಯಿಂದ ಆಗಸ್ಟ್. ಈ ಸಲ ಜುಲೈ ಪೂರ್ತಿ ಶೃಂಗೇರಿ ಹತ್ರ ನಮ್ಮ ತಂದೆ ತಾಯಿ ಜೊತೆ ಇರ್ತೀವಿ. ಮಕ್ಕಳಿಗೆ 6 ಮತ್ತು 9, ಕನ್ನಡ ಅರ್ಥ ಆಗತ್ತೆ, ಮಾತಾಡಲ್ಲ. ಮಳೆಗಾಲದಲ್ಲಿ ಮನೆಯೊಳಗೇ ಕೂತು ಅಜ್ಜ ಅಜ್ಜಿ ಜೊತೆ ಮಾತೂ ಇಲ್ದೆ ಹೋದ್ರೆ ಅಂತ ಚಿಂತೆ.

ಉತ್ತರ: ಜುಲೈಗೆ ಬರ್ತೀವಿ ಅಂತ ಬೇಜಾರು ಮಾಡ್ಕೋಬೇಡಿ, ಮಲೆನಾಡು ನಿಜವಾಗಿ ಮಲೆನಾಡಾಗಿರೋದು ಆಗಲೇ. ಗದ್ದೆ ನಾಟಿ ನಡೀತಿರತ್ತೆ, ಸಸಿ ಕಟ್ಟು ಎಸೆಯೋದು, ಕೆಸರಲ್ಲಿ ಮೊಣಕಾಲವರೆಗೆ ಹೂತು ಬೀಳೋದು, ಹರಿಯೋ ನೀರಿಗೆ ಕಾಗದದ ದೋಣಿ, ಸಂಜೆ ಒಲೆ ಮುಂದೆ ಹಲಸಿನ ಬೀಜ ಸುಟ್ಟು ತಿನ್ನೋದು, ಪತ್ರೊಡೆ, ಏಪ್ರಿಲ್‌ನಲ್ಲಿ ಮಾಡಿಟ್ಟ ಹಪ್ಪಳ. ಕರೆಂಟ್ ದಿನಗಟ್ಟಲೆ ಇರಲ್ಲ, ಅದನ್ನ ಮಕ್ಕಳಿಗೆ ಮುಂಚೇನೇ ಹೇಳಿ, ಚೌಕಾಬಾರ, ಚೆನ್ನೆಮಣೆ ಅಟ್ಟದಿಂದ ಇಳಿಸಿಡೋಕೆ ನಿಮ್ಮ ತಂದೆಗೆ ಹೇಳಿ. ಹಳ್ಳ ಹೊಳೆ ಹತ್ರ ಮಾತ್ರ ಜುಲೈಯಲ್ಲಿ ಬಿಡಲೇಬೇಡಿ, ಬಿಸಿಲಿದ್ದಾಗ್ಲೂ ಮೇಲೆಲ್ಲೋ ಮಳೆ ಬಂದು ನೀರು ಏಕಾಏಕಿ ಏರತ್ತೆ. ಉಂಬಳ, ಅಂದ್ರೆ ಜಿಗಣೆ, ಹತ್ತೇ ಹತ್ತತ್ತೆ, ಕಿತ್ತು ಎಳೀಬೇಡಿ, ಉಪ್ಪೋ ಸುಣ್ಣವೋ ಮುಟ್ಟಿಸಿದ್ರೆ ಬಿಡತ್ತೆ, ಸೋಪು ಹಾಕಿ ತೊಳೀರಿ, ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡಿರೋದ್ರಿಂದ ಸ್ವಲ್ಪ ಹೊತ್ತು ಸೋರತ್ತೆ, ಹೆದರಬೇಡಿ. ಹೊರಡೋಕೆ ಒಂದು ತಿಂಗಳಿಗೂ ಮುಂಚೆ ಅಲ್ಲಿನ ಮಕ್ಕಳ ಡಾಕ್ಟ್ರನ್ನ ನೋಡಿ ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆ ಬಗ್ಗೆ ಕೇಳಿ.

ಭಾಷೆಗೆ ಬಂದ್ರೆ, ಅರ್ಥ ಆಗತ್ತೆ ಅಂದ್ರೆ ಮುಕ್ಕಾಲು ಕೆಲಸ ಆಗಿದೆ. ಉಳಿದಿದ್ದು ನಾಚಿಕೆ. ನೆಂಟರು ಬಂದಾಗ ಎಲ್ಲಿ ಕನ್ನಡದಲ್ಲಿ ಒಂದು ಮಾತಾಡು ಕೇಳೋಣ ಅಂತ ಯಾರೂ ಪರೀಕ್ಷೆ ಮಾಡಬಾರದು, ಉಚ್ಚಾರ ಕೇಳಿ ನಗಬಾರದು, ಎಷ್ಟೇ ಪ್ರೀತಿಯ ನಗು ಆದ್ರೂ ಮಗು ಬಾಯಿ ಮುಚ್ಕೊಳತ್ತೆ, ಇದನ್ನ ನಿಮ್ಮ ಮನೆಯವರಿಗೆಲ್ಲ ಫೋನಲ್ಲೇ ಹೇಳಿಡಿ. ನೀವು ಮಧ್ಯೆ ನಿಂತು ಅಜ್ಜಿ ಏನಂದ್ರು ಅಂದ್ರೆ ಅಂತ ಇಂಗ್ಲಿಷಲ್ಲಿ ಹೇಳೋದನ್ನೂ ನಿಲ್ಲಿಸಿ. ಒಂದಿಷ್ಟು ಹೊತ್ತು ನೀವಿಲ್ಲದೆ ಬಿಟ್ಟುಹೋಗಿ. ಅಜ್ಜಿಗೆ ದೇವರ ಹೂ ಕೊಯ್ದು ಕೊಡೋದು ಒಂದು ಮಗುವಿನ ಕೆಲಸ, ಅಜ್ಜನ ಜೊತೆ ಹಾಲಿನ ಡೈರಿಗೆ ಹೋಗಿ ಬರೋದು ಇನ್ನೊಂದರದ್ದು, ದಿನಾ ಅದೇ ಕೆಲಸ, ದಿನಾ ಅದೇ ಹತ್ತು ಮಾತು, ಹೂ ಎಲ್ಲಿ, ಇನ್ನೂ ಬೇಕಾ, ಸಾಕು, ಬಾ ಹೋಗೋಣ. ವಾರದೊಳಗೆ ಮಗು ತಿರುಗಿ ಹೇಳತ್ತೆ. ಪಕ್ಕದ ಮನೇಲಿ ಅದೇ ವಯಸ್ಸಿನ ಮಕ್ಕಳಿದ್ರೆ ಇನ್ನೂ ಬೇಗ, ಆಟದಲ್ಲಿ ಔಟ್ ಅಲ್ಲ ಅಂತ ಜಗಳ ಆಡೋಕಾದ್ರೂ ಮಾತು ಬೇಕಲ್ಲ. ವಾಪಸ್ ಹೋದ ಮೇಲೆ ನೀವು ಗಂಡ ಹೆಂಡತಿ ಮನೇಲಿ ಕನ್ನಡ ಬಿಟ್ರೆ ಮಾತ್ರ ಎರಡೇ ತಿಂಗಳಲ್ಲಿ ಎಲ್ಲಾ ಹೋಗತ್ತೆ, ಅದು ನಿಮ್ಮ ಕೈಲಿದೆ.

ಪ್ರಶ್ನೆ: ನನಗೆ 9 ವರ್ಷ. ನಮ್ಮಜ್ಜಿ ಮನೆ ಕೊಪ್ಪ. ಅಲ್ಲಿ ಮಧ್ಯಾಹ್ನ ಪೂರ್ತಿ ಜೀರುಂಡೆ ಕೂಗತ್ತೆ, ಹತ್ರ ಹೋದ್ರೆ ನಿಲ್ಲಿಸಿಬಿಡತ್ತೆ. ಅದು ಯಾಕೆ ಕೂಗತ್ತೆ, ಎಲ್ಲಿರತ್ತೆ? (ಅಮ್ಮ ಬರೆದುಕೊಟ್ಟಿದಾರೆ, ಪ್ರಶ್ನೆ ಮಾತ್ರ ಪುಟ್ಟಂದೇ)

ಉತ್ತರ: ಪುಟ್ಟಾ, ಎಷ್ಟು ಒಳ್ಳೇ ಪ್ರಶ್ನೆ. ಕೂಗೋದು ಗಂಡು ಜೀರುಂಡೆ ಮಾತ್ರ, ಹೆಣ್ಣನ್ನ ಕರೆಯೋಕೆ. ಅದು ಬಾಯಿಂದ ಕೂಗಲ್ಲ, ಹೊಟ್ಟೆಯ ಎರಡೂ ಪಕ್ಕ ತೆಳ್ಳಗೆ ಡೋಲಿನ ಚರ್ಮದ ಥರ ಇರತ್ತೆ, ಅದನ್ನ ಒಳಗಿಂದ ಬೇಗಬೇಗ ಎಳೆದು ಬಿಟ್ಟು ಮಾಡತ್ತೆ, ಹೊಟ್ಟೆಯೊಳಗೆ ಟೊಳ್ಳು ಜಾಗ ಇರೋದ್ರಿಂದ ಸದ್ದು ಜೋರಾಗಿ ಬರತ್ತೆ. ನೀನು ಹತ್ರ ಹೋದಾಗ ಹಕ್ಕಿ ಬಂತೇನೋ ಅಂತ ನಿಲ್ಲಿಸತ್ತೆ. ರಾತ್ರಿ ಮನೆ ಮೂಲೇಲಿ ಕಿರ್ರ್ ಅನ್ನೋದು ಬೇರೆ ಹುಳ, ಅದು ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡೋದು. ಜೀರುಂಡೆ ಮರಿ ಮಣ್ಣೊಳಗೆ ಬೇರಿನ ರಸ ಕುಡಿದು ಬೆಳೆಯತ್ತೆ, ದೊಡ್ಡದಾದ ಮೇಲೆ ಮೇಲೆ ಬಂದು ಮರ ಹತ್ತಿ, ಬೆನ್ನು ಸೀಳಿಕೊಂಡು, ಹಳೇ ಚರ್ಮ ಅಲ್ಲೇ ಬಿಟ್ಟು ರೆಕ್ಕೆ ಬಿಚ್ಚಿ ಹಾರತ್ತೆ. ಆ ಖಾಲಿ ಚರ್ಮ ಮರದ ಕಾಂಡದ ಮೇಲೆ ನಿನ್ನ ಎದೆ ಎತ್ತರದಲ್ಲೇ ಅಂಟಿಕೊಂಡಿರತ್ತೆ, ಕಂದು ಬಣ್ಣ, ಕಾಲು ಕಣ್ಣು ಎಲ್ಲಾ ಹಾಗೇ ಇರತ್ತೆ, ಅಜ್ಜಿ ಮನೆ ಹಲಸಿನ ಮರ, ಮಾವಿನ ಮರ ಹುಡುಕು, ಬೆನ್ನಲ್ಲಿ ಸೀಳು ಇದೆಯಾ ನೋಡು. ಸಿಕ್ಕಿದ್ರೆ ಒಂದು ಚಿತ್ರ ಬರೆದು ಕಳಿಸು, ಯಾವ ಮರದಲ್ಲಿ ಸಿಕ್ತು ಅಂತಾನೂ ಬರಿ, ಮುಂದಿನ ಸಂಚಿಕೇಲಿ ಹಾಕ್ತೀವಿ.